ವಿಮಾನದ ಟಿಕೆಟ್ಟಿಗೂ ಸೂತಕವೇ?

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ಈ ವೇದಿಕೆಯಲ್ಲಿ ಸಾಮಾನ್ಯವಾಗಿ ವಚನ ಸಾಹಿತ್ಯವನ್ನು ಆಳವಾಗಿ ಓದಿಕೊಂಡವರು ಮಾತನಾಡುತ್ತಾರೆ. ನಾನು ಹುಬ್ಬಳ್ಳಿಯಲ್ಲಿ ರೈಲು, ವಿಮಾನದ ಟಿಕೆಟ್ ಮಾಡಿಕೊಡುವ ಕಾಯಕದವನು. ‘ನಿನ್ನ ಕಾಯಕದೊಳಗಿನ ಮಾತನ್ನೇ ಹೇಳು’ ಎಂದು ಅಪ್ಪಗಳು ಅಪ್ಪಣೆ ಮಾಡಿದ್ದರಿಂದ ಧೈರ್ಯ ಮಾಡಿ ನಿಂತಿದ್ದೇನೆ.

ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳು ಈಗ ಹಳ್ಳಿಗಳಲ್ಲಿಯೂ ಇವೆ. ಹಿರಿಯರು ಲಿಂಗೈಕ್ಯರಾದ ಸುದ್ದಿ ಅಲ್ಲಿಗೆ ಮುಟ್ಟಿದ ಗಳಿಗೆಯಲ್ಲೇ ನನ್ನಂಥವರಿಗೆ ಫೋನು ಬರುತ್ತದೆ. ‘ಎಷ್ಟರೇ ಆಗಲಿ, ಇವತ್ತಿನ ಟಿಕೆಟ್ ತೆಗೀರಿ’ ಎನ್ನುತ್ತಾರೆ. ಆ ಮಾತಿನಲ್ಲಿ ದುಃಖವಿರುತ್ತದೆ, ನಿಜ. ಅದರೊಳಗೆ ಭಯವೂ ಬೆರೆತಿರುತ್ತದೆ. ಮಗ ಬಾರದೆ ಮಣ್ಣು ಮಾಡಿದರೆ ಮುಕ್ತಿ ಸಿಗದೆಂಬ ಭಯ, ಹನ್ನೊಂದನೆಯ ದಿನ ತಪ್ಪಿದರೆ ದೋಷವೆಂಬ ಭಯ, ಜನ ಏನಂದಾರು ಎಂಬ ಭಯ. ಈ ಭಯಕ್ಕೆ ನಮ್ಮ ಧರ್ಮದಲ್ಲಿ ಜಾಗವಿದೆಯೇ ಎಂಬುದೇ ಇಂದಿನ ನನ್ನ ಪ್ರಶ್ನೆ.

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣರು 12ನೆಯ ಶತಮಾನದಲ್ಲಿಯೇ ತಳ್ಳಿಹಾಕಿದರು. ಇಷ್ಟಲಿಂಗಧಾರಿಗೆ ಸಾವು ಅಶುಭವಲ್ಲ, ಅದು ಲಿಂಗದಲ್ಲಿ ಬೆರೆಯುವುದು. ನಮ್ಮಲ್ಲಿ ದೇಹವನ್ನು ಸುಡುವುದಿಲ್ಲ. ಕೂಡಿಸಿ, ವಿಭೂತಿ ಧರಿಸಿ, ಎಡಗೈಯಲ್ಲಿ ಇಷ್ಟಲಿಂಗವಿರಿಸಿ ಕ್ರಿಯಾಸಮಾಧಿ ಮಾಡುತ್ತೇವೆ. ಕೂಡಿಸಿ ಒಯ್ಯುವ ಆ ಮಂಟಪಕ್ಕೂ ನಮ್ಮ ಕಡೆ ವಿಮಾನವೆಂದೇ ಹೆಸರು. ಮಗನ ವಿಮಾನಕ್ಕೆಂದು ತಂದೆಯ ವಿಮಾನವನ್ನು ಎರಡು-ಮೂರು ದಿನ ನಿಲ್ಲಿಸುವುದು ಈಗ ರೂಢಿಯಾಗುತ್ತಿದೆ. ಶೀತಪೆಟ್ಟಿಗೆಯಲ್ಲಿ ಮಲಗಿಸಿಟ್ಟ ದೇಹವನ್ನು ಮತ್ತೆ ಕೂಡಿಸುವುದು ಎಷ್ಟು ಕಷ್ಟವೆಂದು ಆ ಸೇವೆ ಮಾಡಿದವರಿಗೆ ಗೊತ್ತು.

ನಮ್ಮ ಮನೆಯಲ್ಲಿಯೇ ನಡೆದದ್ದನ್ನು ಹೇಳುತ್ತೇನೆ. ನಮ್ಮ ಕಾಕಾ ಅಕ್ಟೋಬರದ ಒಂದು ಬೆಳಗಿನ ಜಾವ ಲಿಂಗೈಕ್ಯರಾದರು. ಮಗ ಶಿಕಾಗೋದಲ್ಲಿ. ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಡಿಸೆಂಬರದಲ್ಲಿ ಬರಲೆಂದು ನಾಲ್ಕು ಟಿಕೆಟ್ ಮೊದಲೇ ಮಾಡಿಸಿದ್ದ. ಮಗಳು ಧಾರವಾಡದಲ್ಲಿ. ಎರಡು ವರ್ಷ ತಂದೆಯ ಸೇವೆ ಮಾಡಿದವಳು ಅವಳೇ. ಬೀಗರಲ್ಲಿ ಒಬ್ಬರು, ‘ಮಗಾ ಬರೂತನಕಾ ಎತ್ತಬ್ಯಾಡ್ರಿ, ಹೆಣ್ಣುಮಗಳ ಕೈಲೆ ಮಣ್ಣ ಹಾಕಸ್ತೀರೇನು?’ ಎಂದರು. ಮನೆಯಲ್ಲಿ ಎಲ್ಲರೂ ಸುಮ್ಮನಾದರು. ಆಗ ಊರ ಮಠದ ಅಪ್ಪಗಳು, ‘ಲಿಂಗಾ ಕಟ್ಟಿಕೊಂಡ ಕೈ ಅದು. ಗಂಡೇನು, ಹೆಣ್ಣೇನು?’ ಎಂದರು. ಅಂದೇ ಸಂಜೆ ತಂಗಿಯೇ ಮುಂದೆ ನಿಂತು ಸಮಾಧಿ ಮಾಡಿದಳು. ತಮ್ಮ ಶಿಕಾಗೋದಲ್ಲಿ ಕುಳಿತು ಫೋನಿನ ಪರದೆಯಲ್ಲಿ ನೋಡಿದ.

ಅವನ ಪ್ರಯಾಣದ ಮಾತು ಆಮೇಲೆ ಬಂತು. ಅಂದಿನ ಹೊಸ ಟಿಕೆಟ್ಟಿಗೆ ಎರಡು ಪಟ್ಟಿಗಿಂತ ಹೆಚ್ಚು ದರವಿತ್ತು. ‘ಹೊಸದು ಬೇಡ, ಇದ್ದದ್ದನ್ನೇ ಬದಲಿಸೋಣ’ ಎಂದೆ. ನಾಲ್ವರದೂ ಒಂದೇ ಬುಕಿಂಗ್ ಸಂಖ್ಯೆಯಲ್ಲಿತ್ತು. ಮೊದಲು ಅವನೊಬ್ಬನದನ್ನು ಬೇರ್ಪಡಿಸಿ, ಆಮೇಲೆ ದಿನಾಂಕ ಬದಲಿಸಬೇಕು. ಬೇರ್ಪಡಿಸದಿದ್ದರೆ ನಾಲ್ವರ ಪ್ರಯಾಣವೂ ಕದಲುತ್ತದೆ. ನಾಲ್ಕು ದಿನ ಬಿಟ್ಟು ಹೊರಟು, ಮೂರು ವಾರ ತಾಯಿಯ ಬಳಿ ಇದ್ದ. ಬ್ಯಾಂಕು, ಪಿಂಚಣಿ, ಹೊಲದ ಕಾಗದಪತ್ರ ಎಲ್ಲಕ್ಕೂ ಜೊತೆಗೆ ಓಡಾಡಿದ. ಸೊಸೆ, ಮೊಮ್ಮಕ್ಕಳು ಡಿಸೆಂಬರದಲ್ಲಿಯೇ ಬಂದರು. ಚಿಗವ್ವ ಒಂದು ದಿನ ನನಗೆ ಹೇಳಿದಳು: ‘ಬಂದ ಮಂದಿ ಎಲ್ಲಾ ಹೋದ ಮ್ಯಾಲ ಅಂವಾ ಬಂದಾ, ಅದ ಛಲೋ ಆತು.’

ಶರಣ ಬಂಧುಗಳೇ, ಇಂಥ ಹೊತ್ತಿನಲ್ಲಿ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಮೊದಲನೆಯದು, ಕೈಯಲ್ಲಿರುವ ಟಿಕೆಟ್ಟಿನ ವಿಮಾನ ತಪ್ಪುವುದಾದರೆ ಅದು ಹೊರಡುವ ಮುಂಚೆಯೇ ತಿಳಿಸಬೇಕು. ಹೇಳದೆ ಹೋಗದಿದ್ದರೆ ಮುಂದಿನ ಪ್ರಯಾಣವನ್ನೂ, ವಾಪಸು ಬರುವ ಸೀಟನ್ನೂ ಸಾಮಾನ್ಯವಾಗಿ ರದ್ದು ಮಾಡುತ್ತಾರೆ. ಏಜೆಂಟರ ಮೂಲಕ ಮಾಡಿಸಿದ ಟಿಕೆಟ್ಟಾದರೆ ಮೊದಲು ಏಜೆಂಟರನ್ನೇ ಕೇಳಿರಿ.

ಎರಡನೆಯದು, ಬದಲಾವಣೆಯ ಶುಲ್ಕ ಬೇರೆ, ದರದ ವ್ಯತ್ಯಾಸ ಬೇರೆ. ಸಾವಿನ ಕಾರಣ ಹೇಳಿದಾಗ ಕೆಲವರು ಶುಲ್ಕ ಬಿಡುತ್ತಾರೆ, ವ್ಯತ್ಯಾಸ ಬಿಡುವುದು ಅಪರೂಪ. ಎರಡನ್ನೂ ಕೇಳಿಯೇ ಒಪ್ಪಿಕೊಳ್ಳಿರಿ. ಟಿಕೆಟ್ ರದ್ದು ಮಾಡಿದರೆ ಮೂಲದರ ಬಾರದಿದ್ದರೂ ಸರ್ಕಾರಿ ತೆರಿಗೆ, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ಮರಳಿಸಬೇಕೆಂಬುದು ನಮ್ಮ ದೇಶದ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ. ಅದನ್ನು ಕೇಳಿ ಪಡೆಯಿರಿ.

ಮೂರನೆಯದು, ಅಮೆರಿಕದ ಡೆಲ್ಟಾ, ಕೆನಡಾದ ಏರ್ ಕೆನಡಾದಂಥ ಕಂಪನಿಗಳಲ್ಲಿ ಹತ್ತಿರದ ಬಂಧು ತೀರಿಕೊಂಡವರಿಗೆ ರಿಯಾಯಿತಿ ದರವಿದೆ. ಅದನ್ನು ಪ್ರಯಾಣಕ್ಕೆ ಮುಂಚೆಯೇ ಕೇಳಬೇಕು. ಅಜ್ಜಿ ತೀರಿಕೊಂಡ ಒಬ್ಬ ಪ್ರಯಾಣಿಕನಿಗೆ ಏರ್ ಕೆನಡಾದ ಯಂತ್ರ ಸಹಾಯಕ, ‘ಪ್ರಯಾಣದ ನಂತರವೂ ಅರ್ಜಿ ಹಾಕಬಹುದು’ ಎಂದು ತಪ್ಪು ಹೇಳಿತು. ಅವನು ದೂರು ಕೊಟ್ಟ. ಕಂಪನಿಯೇ ಹೊಣೆಯೆಂದು 2024ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಅವನು ಗೆದ್ದದ್ದು ಪರದೆಯ ಮೇಲಿನ ಮಾತನ್ನು ಚಿತ್ರವಾಗಿ ಉಳಿಸಿಕೊಂಡಿದ್ದರಿಂದ. ನೀವೂ ಯಾರೇ ಏನೇ ಭರವಸೆ ಕೊಟ್ಟರೂ ಬರಹದಲ್ಲಿ ಇಟ್ಟುಕೊಳ್ಳಿರಿ.

ನಾಲ್ಕನೆಯದು, ಮರಣವನ್ನು 21 ದಿನದೊಳಗೆ ನೋಂದಾಯಿಸಿರಿ. ಪ್ರಮಾಣಪತ್ರ ವಿಮಾನ ಕಂಪನಿಗೂ ಬೇಕು, ಪಿಂಚಣಿಗೂ ಬೇಕು. ಅದು ಕೈಗೆ ಬರುವತನಕ ಆಸ್ಪತ್ರೆಯ ಅಥವಾ ವೈದ್ಯರ ಪತ್ರವನ್ನು ಕಳಿಸಿ ಕೇಳಬಹುದು. ಹೊರದೇಶದಲ್ಲಿರುವವರು ಹೊರಡುವ ಮುಂಚೆ ಪಾಸ್‌ಪೋರ್ಟ್, ವೀಸಾಗಳ ಅವಧಿ ನೋಡಿಕೊಳ್ಳಬೇಕು. ಅಮೆರಿಕದ ಕೆಲಸದ ವೀಸಾದ ಮುದ್ರೆ ಅವಧಿ ಮುಗಿದಿದ್ದರೆ, ಇಲ್ಲಿಗೆ ಬಂದವರು ಹೊಸ ಮುದ್ರೆಗಾಗಿ ಕಾಯಬೇಕಾಗುತ್ತದೆ. ಹಾಗೆ ಕಾಯುತ್ತ ನೌಕರಿಗೆ ಕುತ್ತು ಬಂದರೆ ಮನೆಯ ದುಃಖ ಇಮ್ಮಡಿಯಾಗುತ್ತದೆ.

ಹಾಗಾದರೆ ಯಾರೂ ತಕ್ಷಣ ಬರಬಾರದೇ? ಹಾಗೆ ನಾನು ಹೇಳುತ್ತಿಲ್ಲ. ತಂದೆಯ ಮುಖ ಕಡೆಯ ಸಲ ನೋಡಬೇಕೆಂಬ ಹಂಬಲ ಸಹಜ. ಕೈಯಲ್ಲಿ ಹಣವಿದ್ದು, ದಿನದೊಳಗೆ ಮುಟ್ಟುವಂತಿದ್ದರೆ ಬರಲಿ. ಆದರೆ ಶಿಕಾಗೋದಿಂದ ಬೆಂಗಳೂರಿಗೆ ನಡುವೆ ವಿಮಾನ ಬದಲಿಸಿ ಬರಲು 20 ಗಂಟೆಗೂ ಮಿಕ್ಕಿ ಬೇಕು. ಅಲ್ಲಿಂದ ಹುಬ್ಬಳ್ಳಿ ಮತ್ತೆ 400 ಕಿಲೋಮೀಟರ್. ಬರಲಾಗದವನು ಪಾಪಿಯಲ್ಲ. ಅವನಿಲ್ಲದೆ ಸಮಾಧಿ ಮಾಡಿದವರೂ ತಪ್ಪು ಮಾಡಿದವರಲ್ಲ. ಸಾಲ ಮಾಡಿ ಓಡಿ ಬಂದು, ಮೂರನೆಯ ದಿನ ರಜೆ ಮುಗಿಯಿತೆಂದು ಹೊರಟುಹೋದರೆ ಆಮೇಲೆ ತಾಯಿಗೆ ಯಾರು?

ಗಣಾರಾಧನೆ, ನುಡಿನಮನಗಳನ್ನು ಹನ್ನೊಂದನೆಯ ದಿನವೇ ಮಾಡಬೇಕೆಂಬ ಕಟ್ಟು ನಮಗಿಲ್ಲ. ಮಕ್ಕಳೆಲ್ಲ ಸೇರುವ ದಿನವೇ ಅದಕ್ಕೆ ಒಳ್ಳೆಯ ದಿನ. ಪಂಚಾಂಗ ನೋಡಿ ಟಿಕೆಟ್ ತೆಗೆಸಬೇಡಿರಿ, ತಾಯಿಯ ಮುಖ ನೋಡಿ ತೆಗೆಸಿರಿ. ಲಿಂಗದಲ್ಲಿ ಬೆರೆತವರು ಯಾರಿಗಾಗಿಯೂ ಕಾಯುತ್ತಿರುವುದಿಲ್ಲ. ಕಾಯುತ್ತಿರುವವರು ಮನೆಯಲ್ಲಿದ್ದಾರೆ.

ಮನೆಮನೆಯಲ್ಲಿ ಈ ಮಾತನ್ನು ಹಿರಿಯರು ಇರುವಾಗಲೇ, ಅವರ ಎದುರಿಗೇ ಆಡಿಕೊಳ್ಳಿರಿ. ‘ನನಗಾಗಿ ಕಾಯಬೇಡಿರಿ, ಮಗಳಿದ್ದಾಳೆ’ ಎಂದು ಅವರೇ ಒಂದು ಮಾತು ಹೇಳಿಟ್ಟರೆ, ಮುಂದೆ ದೂರದಲ್ಲಿರುವ ಮಗನ ಎದೆಯ ಮೇಲಿನ ಭಾರ ಇಳಿಯುತ್ತದೆ.