ಮನೆ ಬದಲಾದ್ರೂ ಜೊತೆಗೆ ಬರೋ ದೊಡ್ಡಪತ್ರೆ

ನಾನಿರೋದು ಪುಣೆಯಲ್ಲಿ, ಬಾಡಿಗೆ ಫ್ಲ್ಯಾಟ್‌ನಲ್ಲಿ. ನಿಮ್ಮಲ್ಲೂ ಬಹಳ ಜನರದ್ದು ಇದೇ ಕಥೆ ಅಲ್ವಾ? 11 ತಿಂಗಳ ಕರಾರು, ನಾಲ್ಕಡಿ ಬಾಲ್ಕನಿ, ಅದರಲ್ಲಿ ಅರ್ಧ ವಾಷಿಂಗ್ ಮಷೀನಿಗೆ. ಕೊತ್ತಂಬರಿ, ಪುದೀನ ಯಾವ ಊರಲ್ಲಾದ್ರೂ ಸಿಗುತ್ತೆ. ಆದರೆ ಮಗುವಿಗೆ ಕೆಮ್ಮು ಬಂದಾಗ ನಾಲ್ಕು ದೊಡ್ಡಪತ್ರೆ ಎಲೆ ಬೇಕು, ತಂಬುಳಿಗೆ ಒಂದೆಲಗ ಬೇಕು ಅಂದ್ರೆ ಸಂತೆಯಲ್ಲಿ ಹುಡುಕಿದ್ರೂ ಸಿಗೋದು ಕಷ್ಟ. ಅವನ್ನ ನಾವೇ ಬೆಳೀಬೇಕು. ಬೆಳೆದದ್ದನ್ನ ಪ್ರತಿ ಸಲ ಹಳೇ ಮನೆಯಲ್ಲೇ ಬಿಟ್ಟು ಬರಬಾರದು. ಇವತ್ತಿನ ವಿಷಯ ಅದೇ: ಎತ್ತಿಕೊಂಡು ಹೋಗೋ ಕೈತೋಟ.

ಮೊದಲು ಭಾರದ ಲೆಕ್ಕ. 60 ಸೆಂ.ಮೀ. ಉದ್ದ, 20 ಅಗಲ, 20 ಎತ್ತರದ ಪೆಟ್ಟಿಗೆ ಅಂದ್ರೆ 24 ಲೀಟರ್. ಅದಕ್ಕೆ ಬರೀ ತೋಟದ ಮಣ್ಣು ತುಂಬಿ ನೀರು ಹಾಕಿದ್ರೆ ಸುಮಾರು 40 ಕೆಜಿ. ಲಿಫ್ಟ್ ಕೆಟ್ಟ ದಿನ ಅದನ್ನ ಯಾರು ಎತ್ತೋದು? ಹಾಗಾಗಿ ಪೆಟ್ಟಿಗೆಗೆ ಮಣ್ಣು ಹಾಕಲೇಬೇಡಿ. 18 ಸೆಂ.ಮೀ. ಬಾಯಿಯ ಮೂರು ಪ್ಲಾಸ್ಟಿಕ್ ಕುಂಡ ಅದರೊಳಗೆ ಇಡಿ. ಎರಡು ಪಾಲು ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೆಂಪು ಮಣ್ಣು. ಒದ್ದೆಯಾದಾಗಲೂ ಒಂದೊಂದು ಕುಂಡ ನಾಲ್ಕೈದು ಕೆಜಿ ದಾಟಲ್ಲ. ಆಫೀಸಲ್ಲಿ ದಿನವೂ ಕಂಟೇನರ್ ಕಂಟೇನರ್ ಅಂತೀವಲ್ಲ, ಇದೂ ಅದೇ! ಒಂದು ಕೆಟ್ಟರೆ ಇನ್ನೊಂದಕ್ಕೆ ತೊಂದರೆ ಇಲ್ಲ.

ಪೆಟ್ಟಿಗೆಗೆ ಹಳೇ ಪ್ಯಾಲೆಟ್ ಹಲಗೆ ಸಾಕು. ಅದರ ಮೇಲಿನ ಮುದ್ರೆ ನೋಡಿ. ಎಚ್‌ಟಿ ಅಂತ ಇದ್ರೆ ಶಾಖ ಕೊಟ್ಟ ಮರ, ತಗೊಳ್ಳಿ. ಎಂಬಿ ಅಂತ ಇದ್ರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು, ಅಡುಗೆ ಸೊಪ್ಪಿನ ಹತ್ತಿರ ಬೇಡ. ತಳದ ಹಲಗೆ ತೆಳ್ಳಗಿರುತ್ತೆ, ಚಕ್ರದ ಸ್ಕ್ರೂ ಹಿಡಿಯಲ್ಲ. ಅದಕ್ಕೆ ಅಡಿಯಲ್ಲಿ ಅಡ್ಡಡ್ಡ ಎರಡು ದಪ್ಪ ಪಟ್ಟಿ ಹೊಡೆದು, ಅದಕ್ಕೆ ಎರಡಿಂಚಿನ ನಾಲ್ಕು ಚಕ್ರ ಹಾಕಿ. ಎರಡಕ್ಕೆ ಬ್ರೇಕ್ ಇರಲಿ. ಒಳಗೆ, ಕುಂಡಗಳ ಕೆಳಗೆ, ಒಂದು ಪ್ಲಾಸ್ಟಿಕ್ ಟ್ರೇ. ಕೆಳಗಿನ ಮನೆಯವರ ಬಟ್ಟೆ ಮೇಲೆ ಕೆಸರು ನೀರು ಬೀಳದಿದ್ರೆ ಅರ್ಧ ಜಗಳ ತಪ್ಪಿತು. ಟ್ರೇಯಲ್ಲಿ ನಿಂತ ನೀರನ್ನ ವಾರಕ್ಕೆ ಎರಡು ಸಲ ಚೆಲ್ಲಿ, ಇಲ್ಲಾಂದ್ರೆ ಡೆಂಗಿ ಸೊಳ್ಳೆಗೆ ನಾವೇ ಮನೆ ಕಟ್ಟಿಕೊಟ್ಟಂಗೆ. ರೇಲಿಂಗ್ ಮೇಲೆ ಮಾತ್ರ ಏನೂ ಇಡಬೇಡಿ. ಕೆಳಗೆ ಜನ ಓಡಾಡ್ತಾರೆ.

ಈಗ ಗಿಡ. ದೊಡ್ಡಪತ್ರೆಗೆ ನೀರು ಕಮ್ಮಿ ಸಾಕು, ಮೇಲಿನ ಒಂದಿಂಚು ಒಣಗಿದ ಮೇಲೆ ಹಾಕಿ. ಪುದೀನಕ್ಕೆ, ಒಂದೆಲಗಕ್ಕೆ ಸದಾ ತೇವ ಬೇಕು. ಮೂವರನ್ನೂ ಒಂದೇ ಮಣ್ಣಲ್ಲಿ ಕೂರಿಸಿದ್ರೆ ದೊಡ್ಡಪತ್ರೆ ಕೊಳೆಯುತ್ತೆ, ಇಲ್ಲಾ ಒಂದೆಲಗ ಒಣಗುತ್ತೆ. ಪುದೀನವಂತೂ ಬೇರು ಬಿಟ್ಟು ಅಕ್ಕಪಕ್ಕದವರ ಜಾಗನೂ ನುಂಗುತ್ತೆ. ಬೇರೆ ಬೇರೆ ಕುಂಡ ಯಾಕೆ ಅನ್ನೋದಕ್ಕೆ ಇದು ಇನ್ನೊಂದು ಕಾರಣ. ಕರಿಬೇವು ಮರವಾಗೋ ಗಿಡ, ಈ ಪೆಟ್ಟಿಗೆಗೆ ಬೇಡ.

ನರ್ಸರಿಯಲ್ಲಿ ದೊಡ್ಡಪತ್ರೆ ಅಂದ್ರೆ ಯಾರಿಗೂ ಗೊತ್ತಾಗಲ್ಲ. ಪುಣೆ, ಮುಂಬೈಯಲ್ಲಿ ಪಾನ್ ಓವಾ ಅನ್ನಿ, ಚೆನ್ನೈನಲ್ಲಿ ಕರ್ಪೂರವಳ್ಳಿ, ಹೈದರಾಬಾದಲ್ಲಿ ವಾಮು ಆಕು, ದಿಲ್ಲಿಯಲ್ಲಿ ಅಜವಾಯಿನ್ ಪತ್ತಾ. ಒಂದೆಲಗಕ್ಕೆ ಚೆನ್ನೈಯವರು ವಲ್ಲಾರೈ ಅಂತಾರೆ. ಬ್ರಾಹ್ಮಿ ಅಂತ ಕೇಳಿದ್ರೆ ಕೆಲವರು ಸಣ್ಣ ಎಲೆಯ ಬೇರೆ ಗಿಡ ಕೊಡ್ತಾರೆ, ಎಲೆ ದುಂಡಗಿದೆಯಾ ನೋಡಿ ತಗೊಳ್ಳಿ. ಊರಿಗೆ ಹೋದಾಗ ಅಮ್ಮನ ಹಿತ್ತಲಿಂದ ಒಂದು ಕಡ್ಡಿ ಮುರಿದು ಒದ್ದೆ ಬಟ್ಟೇಲಿ ಸುತ್ತಿ ತಂದ್ರೆ ಇನ್ನೂ ಸುಲಭ. ಕೆಳಗಿನ ಎಲೆ ಕಿತ್ತು ನೆಟ್ಟರೆ ಎರಡು ವಾರದೊಳಗೆ ಬೇರು ಬಿಡುತ್ತೆ.

ಚಕ್ರ ಇರೋದು ಶೋಕಿಗಲ್ಲ. ಮುಂಬೈ, ಪುಣೆ ಮಳೆಯಲ್ಲಿ ದೊಡ್ಡಪತ್ರೆ ನೆನೆದು ಕೊಳೆಯದಂತೆ ಗೋಡೆ ಹತ್ತಿರ ತಳ್ಳಬೇಕು. ಚೆನ್ನೈ, ಹೈದರಾಬಾದ್ ಬೇಸಿಗೆಯಲ್ಲಿ ಬೆಳಗಿನ ನಾಲ್ಕು ಗಂಟೆ ಬಿಸಿಲು ಸಾಕು, ಮಧ್ಯಾಹ್ನ ನೆರಳಿಗೆ. ದಿಲ್ಲಿಯ ಜನವರಿ ಚಳಿಗೆ ರಾತ್ರಿ ಒಳಗೇ ಇರಲಿ.

ಮನೆ ಖಾಲಿ ಮಾಡೋ ವಾರ ಏನು ಮಾಡಬೇಕು? ಎರಡು ದಿನ ಮುಂಚೆ ನೀರು ನಿಲ್ಲಿಸಿ, ಭಾರ ಇಳಿಯುತ್ತೆ. ಉದ್ದ ರೆಂಬೆ ಕತ್ತರಿಸಿ ಅದೇ ಊರಿನ ಸ್ನೇಹಿತರಿಗೆ ಒಂದೊಂದು ಕಡ್ಡಿ ಕೊಡಿ, ಅದು ನಿಮ್ಮ ಬ್ಯಾಕಪ್. ಖಾಲಿ ಪೆಟ್ಟಿಗೆ ಲಾರಿಗೆ, ಮೂರು ಕುಂಡ ನಿಮ್ಮ ಜೊತೆ ಕಾರಿಗೆ. ಹೊಸ ಮನೆಯಲ್ಲಿ ಗ್ಯಾಸ್ ಸಂಪರ್ಕ ಸಿಗೋಕೆ, ವೈಫೈ ಬರೋಕೆ ದಿನ ಹಿಡೀಬಹುದು. ತಂಬುಳಿಗೆ ಎಲೆ ಮಾತ್ರ ಮೊದಲ ದಿನದಿಂದಲೇ ಇರುತ್ತೆ.

ಮಾಡಿ ನೋಡಿ.