ಕಿವಿಯೋ, ಮಾಪಕವೋ?

ಧ್ವನಿವರ್ಧಕದ ಗುಣವನ್ನು ನಿರ್ಣಯಿಸತಕ್ಕದ್ದು ಮಾಪಕಯಂತ್ರವೋ, ರಸಿಕರ ಕಿವಿಯೋ? ಕಿವಿಯು ಯಂತ್ರದಂತೆ ಕೇಳುವುದಿಲ್ಲವೆಂಬುದು ನಿಜ. ಸದ್ದನ್ನು ತಗ್ಗಿಸಿದಾಗ ಮಂದ್ರಸ್ವರಗಳು ಮಿಕ್ಕವುಗಳಿಗಿಂತ ಹೆಚ್ಚು ಕುಗ್ಗಿದಂತೆ ಕೇಳುವುವೆಂದು ಫ್ಲೆಚರ್, ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ತೋರಿಸಿದರು. ಆದರೆ ಕಿವಿಗೂ ಒಂದು ದೌರ್ಬಲ್ಯವುಂಟು. ಬೆಲೆಯನ್ನೂ ಹೆಸರನ್ನೂ ಕಣ್ಣು ಕಂಡಿತೆಂದರೆ ಸ್ವರವೂ ಇಂಪಾಗಿಬಿಡುತ್ತದೆ. ಕೆನಡಾ ದೇಶದ ಫ್ಲಾಯ್ಡ್ ಟೂಲ್ ಅವರು ಧ್ವನಿವರ್ಧಕಗಳನ್ನು ತೆರೆಯ ಮರೆಯಲ್ಲಿರಿಸಿ, ಸದ್ದಿನ ಮಟ್ಟವನ್ನು ಸಮಗೊಳಿಸಿ, ಅನೇಕರಿಗೆ ಕೇಳಿಸಿದರು. 1986ರಲ್ಲಿ ಪ್ರಕಟವಾದ ಫಲವೇನು? ಬಹುಮಂದಿ ಮೆಚ್ಚಿದವುಗಳಲ್ಲಿಯೇ, ಅಳತೆಯ ಪ್ರಕಾರವೂ, ಮಂದ್ರದಿಂದ ತಾರದವರೆಗೆ ಏರಿಳಿತ ಕಡಿಮೆಯಾಗಿತ್ತು. ಕಣ್ಣು ನಡುವೆ ಬಾರದಿದ್ದರೆ ಕಿವಿಯೂ ಮಾಪಕವೂ ಬಹುಮಟ್ಟಿಗೆ ಒಂದೇ ಸಾಕ್ಷ್ಯವನ್ನು ನುಡಿಯುತ್ತವೆ. ಆದುದರಿಂದ ಕೊಳ್ಳುವವರು ಅಳತೆಯನ್ನು ನೋಡಲಿ. ಬಳಿಕ, ಬೆಲೆಯನ್ನು ವಿಚಾರಿಸುವ ಮುನ್ನ, ಕಣ್ಣು ಮುಚ್ಚಿ ಆಲಿಸಲಿ.