ಅಕ್ಷರಗಳ ನಡುವಿನ ಜಾಗ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಭಾರತೀನಗರ ಸಿಗುತ್ತದೆ. ಸುತ್ತಿನ ಹಳ್ಳಿಯವರ ಬಾಯಲ್ಲಿ ಅದು ಇಂದಿಗೂ ಕೆ. ಎಂ. ದೊಡ್ಡಿ, ಬಿಡಿಸಿ ಹೇಳಿದರೆ ಕಾಳಮುದ್ದನದೊಡ್ಡಿ. ಊರು ಒಂದೇ, ಹೆಸರು ಎರಡು. ಬೋರ್ಡು ಬರೆಯುವವನಿಗೆ ಮಾತ್ರ ಇವು ಎರಡು ಬೇರೆ ಬೇರೆ ಲೆಕ್ಕಗಳು. ಈ ಕಸುಬು ಕಲಿಯಬಂದ ಹುಡುಗನಿಗೆ ಇವೆರಡನ್ನೂ ಬರೆಯಲು ಕೊಟ್ಟರೆ ಅರ್ಧ ಪಾಠ ಅಲ್ಲೇ ಆಗುತ್ತದೆ.

ಮೊದಲು ಭಾರತೀನಗರವನ್ನು ನೋಡೋಣ. ಎಣಿಸಿದರೆ ಆರು ಅಕ್ಷರ. ಹೊಸಬನು ಹಲಗೆಯನ್ನು ಆರು ಸಮಪಾಲು ಮಾಡಿ, ಪಾಲಿಗೊಂದು ಅಕ್ಷರ ಕೂರಿಸುತ್ತಾನೆ. ಅಳತೆಯಲ್ಲಿ ತಪ್ಪಿಲ್ಲ, ಆದರೆ ಕಣ್ಣು ಒಪ್ಪುವುದಿಲ್ಲ. ‘ಭಾ’ ಅಗಲವಾದ ಅಕ್ಷರ. ‘ತೀ’ಗೆ ದೀರ್ಘ ಬೇರೆ ಉಂಟು. ಅವೆರಡೂ ತಮ್ಮ ಪಾಲಿನಲ್ಲಿ ಇಕ್ಕಟ್ಟುಪಡುತ್ತವೆ. ‘ಗ’, ‘ರ’ಗಳ ಅಕ್ಕಪಕ್ಕದಲ್ಲಿ ಬಯಲು ಉಳಿಯುತ್ತದೆ. ದೂರದಿಂದ ನೋಡಿದರೆ ಒಂದು ಹೆಸರಾಗಿ ಕಾಣದೆ ಬಿಡಿ ಚೂರುಗಳಾಗಿ ಕಾಣುತ್ತದೆ.

ಆದ್ದರಿಂದ ಕೈ ಪಳಗಿದವನು ಅಕ್ಷರಗಳನ್ನು ಅಳೆಯುವುದಕ್ಕಿಂತ ಹೆಚ್ಚಾಗಿ, ಅವುಗಳ ನಡುವೆ ಉಳಿಯುವ ಖಾಲಿ ಜಾಗವನ್ನು ಕಣ್ಣಿನಲ್ಲೇ ತೂಗುತ್ತಾನೆ. ನಮ್ಮ ಲಿಪಿ ದುಂಡಗಿನದು. ಎರಡು ದುಂಡು ಅಕ್ಷರಗಳು ಎದುರಾದರೆ ಮೇಲೂ ಕೆಳಗೂ ತಾನಾಗಿಯೇ ಜಾಗ ಬೀಳುತ್ತದೆ. ಅವನ್ನು ತುಸು ಹತ್ತಿರ ತರಬೇಕು. ದೀರ್ಘದ ಮುಂದೆ ಬರುವ ಅಕ್ಷರವನ್ನು ತಾಗದಷ್ಟು ದೂರ ಇಡಬೇಕು.

ಇನ್ನು ಕಾಳಮುದ್ದನದೊಡ್ಡಿ. ಇದರ ಏಳು ಅಕ್ಷರಗಳಲ್ಲಿ ‘ದ್ದ’, ‘ಡ್ಡಿ’ ಎರಡಕ್ಕೂ ಒತ್ತು ಇದೆ. ಒತ್ತು ಸಾಲಿನಿಂದ ಕೆಳಗಿಳಿಯುತ್ತದೆ. ಅದನ್ನು ಮೊದಲೇ ಎಣಿಸದಿದ್ದರೆ ಹಲಗೆಯ ಅಂಚಿಗೆ ತಗಲುತ್ತದೆ, ಇಲ್ಲವೇ ಕೆಳಸಾಲಿನ ಗುಡಿಸಿನ ಮೇಲೆ ಕೂರುತ್ತದೆ. ಹಾಗೆಂದು ಒತ್ತನ್ನು ಚುಕ್ಕೆಯಷ್ಟು ಮಾಡಿದರೆ ಓದುವವರಿಗೆ ಅದು ಇಲ್ಲದಂತೆಯೇ. ಸಾಲನ್ನೇ ತುಸು ಮೇಲಕ್ಕೆತ್ತುವುದು ಸರಿಯಾದ ಉಪಾಯ.

ಇದಕ್ಕೆಲ್ಲ ಬೇಕಾದ ಸಾಮಾನು ಹೆಚ್ಚಿನದಲ್ಲ. ಸುಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿಹಿಡಿದು ಮೀಟಿದರೆ ಗೆರೆ ಮೂಡುತ್ತದೆ. ಮೊದಲು ಇಡೀ ಬರಹವನ್ನು ಸೀಮೆಸುಣ್ಣದಲ್ಲಿ ಬರೆಯಬೇಕು; ಹತ್ತು ಹೆಜ್ಜೆ ಹಿಂದೆ ಸರಿದು, ಕಣ್ಣು ಅರೆಮುಚ್ಚಿ ನೋಡಬೇಕು. ಎಲ್ಲಿ ಕಪ್ಪು ಗಂಟಾಗಿದೆ, ಎಲ್ಲಿ ತೂತು ಬಿದ್ದಿದೆ ಎಂಬುದು ಆಗ ತಿಳಿಯುತ್ತದೆ. ಅಳಿಸಿ ತಿದ್ದಿದ ಮೇಲೆಯೇ ಬ್ರಷ್ಷು ಬಣ್ಣಕ್ಕೆ ಇಳಿಯಬೇಕು.

ಇದು ಬರಿಯ ಅಂದಚೆಂದದ ಮಾತೇ? ಅಲ್ಲ. ಜಾಗ ಸಾಲದೆ ಹೋಗುವುದು ಯಾವಾಗಲೂ ಸಾಲಿನ ಕೊನೆಯಲ್ಲಿ. ಕನ್ನಡದಲ್ಲಿ ‘ಬೇಡಿ’, ‘ಬಾರದು’, ‘ಇಲ್ಲ’ ಎಂಬ ಮಾತುಗಳು ಬರುವುದೂ ಕೊನೆಯಲ್ಲೇ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಜಿಲ್ಲೆ ಇದು. ನಾಲೆಯ ದಡದಲ್ಲಿ ‘ಇಲ್ಲಿ ನೀರಿಗೆ ಇಳಿಯಬೇಡಿ’ ಎಂದು ಬರೆಯುವಾಗ ‘ಇಲ್ಲಿ ನೀರಿಗೆ’ ಎಂಬುದೇ ಹಲಗೆಯನ್ನೆಲ್ಲ ನುಂಗಿ, ‘ಬೇಡಿ’ ಮೂಲೆಯಲ್ಲಿ ಮುದುಡಿದರೆ, ಆ ಬೋರ್ಡು ಯಾರನ್ನು ತಡೆದೀತು?

ಈ ಎಚ್ಚರ ಹೊಸದಲ್ಲ. ಇದೇ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ 10ನೆಯ ಶತಮಾನದ ಶಾಸನದಲ್ಲಿ, ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಕಾದಾಡುವ ಚಿತ್ರವೂ ಬರಹವೂ ಒಂದೇ ಕಲ್ಲನ್ನು ಹಂಚಿಕೊಂಡಿವೆ. ಉಳಿ ಬಿದ್ದ ಮೇಲೆ ಕಲ್ಲಿನಲ್ಲಿ ಅಳಿಸುವಂತಿಲ್ಲ; ಜಾಗದ ಲೆಕ್ಕ ಮೊದಲೇ ಆಗಬೇಕು.

ಈಗ ಫ್ಲೆಕ್ಸ್ ಬಂದು ಬೋರ್ಡು ಬರೆಯುವವರ ಕೆಲಸ ಕಡಮೆಯಾಗಿದೆ. ಜಾಗ ಮಿಕ್ಕರೆ ಕಂಪ್ಯೂಟರಿನಲ್ಲಿ ಅಕ್ಷರವನ್ನು ಎಳೆದು ಅಗಲ ಮಾಡುತ್ತಾರೆ, ಸಾಲದಿದ್ದರೆ ಹಿಂಡುತ್ತಾರೆ. 2024ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಅಂಗಡಿಗಳ ನಾಮಫಲಕದಲ್ಲಿ ನೂರಕ್ಕೆ 60 ಪಾಲು ಕನ್ನಡವಿರಬೇಕು. ಕಾನೂನು ಜಾಗ ಕೊಡಿಸಬಲ್ಲದು. ಅದನ್ನು ಓದುವಂತೆ ತುಂಬಲು ಪಳಗಿದ ಕಣ್ಣು ಬೇಕು. ನಿಮ್ಮ ಮನೆಗೋ ಅಂಗಡಿಗೋ ಹೆಸರು ಬರೆಸುವಾಗ, ಸೀಮೆಸುಣ್ಣದಲ್ಲಿ ಬರೆದು ಅಳಿಸುವವನನ್ನು ಅವಸರಪಡಿಸಬೇಡಿ. ಹತ್ತು ಹೆಜ್ಜೆ ಹಿಂದೆ ಸರಿದು ನೀವೂ ಅವನ ಜೊತೆಗೆ ನೋಡಿ.